ಒಂಬತ್ತೂವರೆ ಚದರಡಿಯ ಮಾಲೀಕರು

ಮುದ್ರೆಯಪ್ಪನವರು ಸುಳ್ಳು ಹೇಳಿದವರಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜ. ಕೇಳಿದವರು ಬೇರೆ ಅರ್ಥ ಮಾಡಿಕೊಂಡರು. ಅದನ್ನು ತಿದ್ದಬೇಕಾದ ಗಳಿಗೆಯಲ್ಲಿ ಇವರ ಬಾಯಿ ತುಂಬ ಬಿಸ್ಕತ್ತಿತ್ತು. ಬಿಸ್ಕತ್ತು ಗಂಟಲಿಳಿಯುವಷ್ಟರಲ್ಲಿ ಕಾಲ ಮೀರಿತ್ತು.

ಅವರ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಅಂಗಡಿ ಅಂಗಡಿ ತಿರುಗಿ, ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಸೀಸದ ಬಿಲ್ಲೆಯ ಮೇಲೆ ಮುದ್ರೆ ಒತ್ತುವುದು ಅವರ ಕೆಲಸ. ಹೀಗಾಗಿ ಊರಿಗೆಲ್ಲ ಮುದ್ರೆಯಪ್ಪ. ಬೇರೆಯವರ ತಕ್ಕಡಿಯಲ್ಲಿ ಗುಲಗಂಜಿಯಷ್ಟು ಹೆಚ್ಚುಕಮ್ಮಿಯಾದರೂ ಹಿಡಿಯುವ ಮನುಷ್ಯ, ಮನೆಯಿಂದ ಹೊರಡುವಾಗ ಮಾತ್ರ ಎಡಗಾಲಿನ ಚಪ್ಪಲಿ ಯಾವುದೆಂದು ಹೆಂಡತಿಯನ್ನು ಕೇಳುತ್ತಿದ್ದರು.

ಅವತ್ತು ಹೆಂಡತಿಯ ಜೊತೆ ಷಡ್ಡಕನ ಮನೆಗೆ ಹೋಗಿದ್ದರು. ಷಡ್ಡಕನೆಂದರೆ ನಾದಿನಿಯ ಗಂಡ, ಬಚ್ಚಲುಮನೆಯ ಟೈಲ್ಸ್ ಮಾರುವವನು. ಎರಡನೆಯ ಫ್ಲ್ಯಾಟ್ ಕೊಂಡ ಸುದ್ದಿಯನ್ನು ಮೂರನೆಯ ಸಲ ಹೇಳಿ ಮುಗಿಸಿದ್ದ.

"ಭಾವ, ನೀವಿನ್ನೂ ಬಾಡಿಗೆ ಮನೇಲೇ ಇದೀರಲ್ಲ," ಎಂದ. "ಸುಮ್ನೆ ಕೇಳ್ದೆ. ಬೇಜಾರಿಲ್ಲ ತಾನೆ?"

ಬೇಜಾರಾಗಿತ್ತು. ಅದೇ ವಾರ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತ ಮುದ್ರೆಯಪ್ಪನವರು ಒಂದು ಪತ್ರಿಕೆಯಲ್ಲಿ ಅರ್ಧ ಲೇಖನ ಓದಿದ್ದರು. ನೂರಾರು ಜನ ಇಂಟರ್ನೆಟ್ಟಿನಲ್ಲಿ ಒಟ್ಟು ಸೇರಿ, ತಲೆಗಿಷ್ಟು ಹಾಕಿ, ದೊಡ್ಡ ದೊಡ್ಡ ಕಟ್ಟಡ ಕೊಳ್ಳುತ್ತಾರೆ ಎಂಬಲ್ಲಿಗೆ ಆ ಹಾಳೆ ಹರಿದುಹೋಗಿತ್ತು. ಮುಂದಿನ ಅರ್ಧದಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ.

"ನಾನೂ ಸುಮ್ನೆ ಕೂತಿಲ್ಲಪ್ಪ," ಎಂದರು. "ಮೂರು ಸೈಟು ನೋಡಿಟ್ಟಿದೀನಿ. ಹೋಲಿಸ್ತಾ ಇದೀನಿ."

ಅವರು ಹೇಳಿದ್ದು ಕಂಪ್ಯೂಟರಿನ ಸೈಟು. ಚಹಾ ಬಗ್ಗಿಸುತ್ತಿದ್ದ ನಾದಿನಿಯ ಕೈ ಗಾಳಿಯಲ್ಲೇ ನಿಂತಿತು.

"ಮೂರು ಸೈಟಾ, ಭಾವ? ಎಲ್ಲಿ?"

ಬಾಯಲ್ಲಿ ಬಿಸ್ಕತ್ತು. ಇಂಟರ್ನೆಟ್ಟು ಆಕಾಶದಲ್ಲಿರುವ ವಸ್ತುವೆಂದು ನಂಬಿದ್ದ ಮುದ್ರೆಯಪ್ಪನವರು ಬೆರಳನ್ನು ಮೇಲಕ್ಕೆ ತೋರಿಸಿದರು.

"ನೋಡಿದ್ರಾ? ದಿಣ್ಣೆ ಮೇಲೆ! ಮಳೆನೀರು ನಿಲ್ಲೋ ಮಾತೇ ಇಲ್ಲ," ಎಂದು ಅವಳು ಗಂಡನ ಕಡೆ ತಿರುಗಿದಳು. ಷಡ್ಡಕನ ಮುಖ ಅವನದೇ ಅಂಗಡಿಯ ಬಿಳಿ ಟೈಲ್ಸಿನ ಬಣ್ಣಕ್ಕೆ ಬಂತು. ಆ ಬಣ್ಣ ನೋಡಿದ ಮೇಲೆ ಮಾತು ತಿದ್ದಲು ಯಾವ ಮನುಷ್ಯನಿಗೆ ಮನಸ್ಸು ಬಂದೀತು?

ದಾರಿಯಲ್ಲಿ ಹೆಂಡತಿ ಕೇಳಿದರು: "ಅದ್ಯಾವ ಸೈಟು ರೀ?"

"ಕಂಪ್ಯೂಟರ್‌ದು ಕಣೇ."

ಆಕೆ ನಕ್ಕು ಮರೆತರು. ಊರು ಮರೆಯಲಿಲ್ಲ. ಸೋಮವಾರದ ಹೊತ್ತಿಗೆ ಹಿಂದಿನ ಬೀದಿಯ ಗಾರೆ ಮೇಸ್ತ್ರಿ ಬಂದು, ಅಡಿಪಾಯಕ್ಕೆ ತನಗಿಂತ ಗಟ್ಟಿ ಕೈ ಬೇರೆ ಇಲ್ಲ ಎಂದು ಹೊಸ್ತಿಲ ಮೇಲೆ ಗುದ್ದಿ ತೋರಿಸಿ ಹೋದ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕುಳಿತುಕೊಳ್ಳಿ ಎನ್ನದ ಮೇಲಧಿಕಾರಿ ಕುರ್ಚಿ ಎಳೆದು ಕೊಟ್ಟರು. ಬುಧವಾರ ಮನೆಯ ಯಜಮಾನರೇ ಬಂದರು.

"ಅಂತೂ ಸ್ವಂತ ಮನೆ ಕಟ್ತೀರಿ. ಸಂತೋಷ. ನಮ್ಮ ಮನೆ ಯಾವಾಗ ಖಾಲಿ ಮಾಡ್ತೀರಿ?"

ಹೀಗೆ ಏನಾದರೊಂದು ಕೊಳ್ಳಲೇಬೇಕಾದ ಸ್ಥಿತಿ ಬಂತು. ಮುದ್ರೆಯಪ್ಪನವರು ದೊಡ್ಡ ಹಾಳೆಗೆ ಗೆರೆ ಎಳೆದು ನಿಜವಾಗಿಯೇ ಮೂರು ಸೈಟುಗಳನ್ನು ಹೋಲಿಸಲು ಕುಳಿತರು.

ಮೊದಲನೆಯದರಲ್ಲಿ ಕನಿಷ್ಠ ಹೂಡಿಕೆ ಎಂದರೆ ಅವರ ಎರಡು ವರ್ಷದ ಸಂಬಳ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಎರಡನೆಯದು ಪರ್ಯಾಯ ಹೂಡಿಕೆಯದು. ಅಲ್ಲಿ ತೈಲಚಿತ್ರದಲ್ಲಿ ಪಾಲು, ಹಳೆಯ ಮದ್ಯದ ಪೀಪಾಯಿಯಲ್ಲಿ ಪಾಲು, ಓಟದ ಕುದುರೆಯಲ್ಲಿ ಪಾಲು. ಕುದುರೆ ಅವರಿಗೆ ಹಿಡಿಸಿತ್ತು. ಆದರೆ ತನ್ನ ಪಾಲು ಹಿಂಗಾಲಿಗೆ ಬಂದು, ಆ ಕಾಲು ಯಾರಿಗಾದರೂ ಒದ್ದರೆ ಪೊಲೀಸರು ಯಾರ ಮನೆಗೆ ಬರುತ್ತಾರೆ ಎಂಬುದಕ್ಕೆ ಸೈಟಿನಲ್ಲೆಲ್ಲೂ ಉತ್ತರವಿರಲಿಲ್ಲ. ಮೂರನೆಯದರಲ್ಲಿ ಕೈಲಾದಷ್ಟು ಹಾಕಬಹುದಿತ್ತು. ಗಾಜಿನ ಕಟ್ಟಡದ ಚಿತ್ರ, ಅದರೊಳಗೆ ಮಹಡಿ ಮಹಡಿಗೂ ಚೌಕುಳಿ. ಚೌಕ ಒತ್ತಿದರೆ ಅದು ಹಸಿರಾಗಿ, "ಸ್ವಾಗತ, ಮಾಲೀಕರೇ" ಎನ್ನುತ್ತಿತ್ತು.

ಆದರೂ ಅವರು ಆತುರಪಡಲಿಲ್ಲ. ಮೂರೂ ಸೈಟಿನ ಷರತ್ತುಗಳನ್ನು ಅಚ್ಚು ಹಾಕಿಸಿ ಕಚೇರಿಯ ತಕ್ಕಡಿಯಲ್ಲಿ ತೂಗಿದರು. ಮೂರನೆಯದು ಎಲ್ಲಕ್ಕಿಂತ ಹಗುರ. ಷರತ್ತು ಕಡಿಮೆ ಎಂದು ತೀರ್ಮಾನಿಸಿದರು. ಅಕ್ಷರ ಸಣ್ಣದಾದರೂ ಕಾಗದ ಹಗುರವಾಗುತ್ತದೆ ಎಂಬುದು ತೂಕದ ಇಲಾಖೆಯ ಕೈಪಿಡಿಯಲ್ಲಿಲ್ಲ.

ಹಾಕಿದ ಹಣ ಹೆಂಡತಿಯದು. ಆಕೆ ಹನ್ನೊಂದು ವರ್ಷದಿಂದ ನಡುಮನೆಯಲ್ಲಿ ಹೊಲಿಗೆ ಯಂತ್ರ ತುಳಿದು, ಬೀದಿ ಬದಿಯಲ್ಲಿ ಒಂದು ಚಿಕ್ಕ ಅಂಗಡಿ ಹಿಡಿಯಬೇಕೆಂದು ಮುಂಗಡಕ್ಕೆ ಕೂಡಿಸಿಟ್ಟಿದ್ದು. ಇಬ್ಬರ ಹೆಸರಿನ ಖಾತೆ, ಒಬ್ಬರ ಸಹಿ ಸಾಕು. ಎರಡು ತಿಂಗಳಲ್ಲಿ ಬಾಡಿಗೆ ಬರುತ್ತದೆ, ಆಗ ಹೇಳಿದರಾಯಿತು ಎಂದುಕೊಂಡರು. ಮರುದಿನ ಕಂಪನಿಯಿಂದ ಪತ್ರ ಬಂತು: ನಾಲ್ಕನೆಯ ಮಹಡಿ, ಚೌಕ ನೂರ ಹದಿನೇಳು, ಒಂಬತ್ತೂವರೆ ಚದರಡಿ.

ಎರಡು ತಿಂಗಳಾಯಿತು, ಬಾಡಿಗೆ ಬರಲಿಲ್ಲ. ಮೂರಾಯಿತು. ಒಂದು ಮಧ್ಯಾಹ್ನ ಅವರು ರಜೆ ಹಾಕಿ, ಹಳದಿ ಬಣ್ಣದ ಅಳತೆ ಪಟ್ಟಿ ಜೇಬಿಗಿಳಿಸಿ, ತಮ್ಮ ಆಸ್ತಿ ನೋಡಲು ಹೊರಟರು.

ಕಟ್ಟಡ ಚಿತ್ರದಲ್ಲಿದ್ದ ಹಾಗೇ ಇತ್ತು. ಅದೇ ಅವರಿಗೆ ಮೊದಲು ಹಿಡಿಸದ ವಿಷಯ. ಗಾಜಿನ ಮೇಲೆ ಒಂದು ಬೆರಳಿನ ಗುರುತಿರಲಿಲ್ಲ. ಕಾವಲಿನವನು ತಲೆಯೆತ್ತದೆ ಪುಸ್ತಕ ಮುಂದೆ ನೂಕಿದ. "ಯಾವ ಮಹಡಿ?" ಎಂದ, ಎಷ್ಟೋ ಸಲ ಕೇಳಿ ಸುಸ್ತಾದವನ ದನಿಯಲ್ಲಿ. ಇವರು ಸಹಿ ಹಾಕಿದರು. ಮೇಲಿನ ಸಾಲುಗಳನ್ನು ಓದುವ ಕುತೂಹಲ ಅವರಿಗಿರಲಿಲ್ಲ. ಗುಂಡಿ ಒತ್ತುವ ಮೊದಲೇ ಲಿಫ್ಟು ಬಂದು ಬಾಗಿಲು ತೆರೆದು ನಿಂತಿತು.

ನಾಲ್ಕನೆಯ ಮಹಡಿ ಒಂದೇ ದೊಡ್ಡ ಹಜಾರ. ಸಾಲು ಸಾಲು ಕಂಬ, ಅಲ್ಲಲ್ಲಿ ಆಳೆತ್ತರದ ಮರದ ತಡಿಕೆ, ಕೆಲವು ಕಿಟಕಿಗಳಿಗೆ ಇಳಿಬಿಟ್ಟ ಪರದೆ. ಎಲ್ಲ ದೀಪಗಳೂ ಉರಿಯುತ್ತಿದ್ದವು. ಕುರ್ಚಿಯಿಲ್ಲ, ಮೇಜಿಲ್ಲ. ಆದರೂ ಆಗತಾನೇ ಯಾರೋ ಮಾತು ನಿಲ್ಲಿಸಿದಂಥ ಮೌನ. ಎಲ್ಲಿಂದಲೋ ಸುಲಿದ ಕಿತ್ತಳೆಯ ವಾಸನೆ.

ಮುದ್ರೆಯಪ್ಪನವರು ಮೊಣಕಾಲೂರಿ, ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗೋಡೆಯಿಂದ ಅಳೆಯುತ್ತ ತೆವಳಿದರು. ಅರ್ಧ ಹಜಾರ ದಾಟಿದಾಗ ಕಂಬದ ಹಿಂದೆ ಯಾರೋ ಉಸಿರು ಬಿಗಿಹಿಡಿದ ಸದ್ದಾಯಿತು. ತಡಿಕೆಯ ಕೆಳಗಿನ ಸಂದಿಯಲ್ಲಿ ಎರಡು ಬೂಟು. ಇವರು ನೋಡುತ್ತಿದ್ದಂತೆ ಆ ಬೂಟುಗಳು ಒಂದರ ಹಿಂದೆ ಒಂದು ಮೆಲ್ಲನೆ ಸರಿದು ಮರೆಯಾದವು.

"ಯಾರು?" ಎಂದರು.

"ಯಾರು?" ಎಂದಿತು ಹಜಾರ.

ಪ್ರತಿಧ್ವನಿ, ಅಷ್ಟೆ. ಖಾಲಿ ಕೋಣೆಗೆ ಅದು ಸಹಜ. ಧೈರ್ಯ ತಂದುಕೊಂಡು, "ನಾನು," ಎಂದರು.

"ನಾನೂ," ಎಂದಿತು.

ಪ್ರತಿಧ್ವನಿಗೆ ದೀರ್ಘ ಸೇರಿಸುವ ಅಭ್ಯಾಸವಿಲ್ಲ ಎಂಬುದು ಮುದ್ರೆಯಪ್ಪನವರಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ಆ ಹೊತ್ತಿಗೆ ಅವರು ಎರಡನೆಯ ಮಹಡಿಯಲ್ಲಿದ್ದರು, ಇನ್ನೂ ಪಟ್ಟಿ ಕಚ್ಚಿಕೊಂಡೇ.

ಎದುರುಗಡೆ ಒಂದು ಬೇಕರಿ. ಅಲ್ಲಿ ಕುಸಿದು ಕುಳಿತು ನೀರು ಕೇಳಿದರು. ಬೇಕರಿಯವನು ನೀರು ಕೊಟ್ಟು, ಇವರು ಬಂದ ದಿಕ್ಕು ನೋಡಿ ದನಿ ತಗ್ಗಿಸಿದ.

"ಅಲ್ಲಿಗಾ ಹೋಗಿದ್ದು? ಯಾಕೆ ಸಾರ್ ಬೇಕು ನಿಮಗೆ? ಮೂರು ಕಂಪನಿಯವರು ಬಾಡಿಗೆಗೆ ಅಂತ ಬಂದು ನೋಡಿ ಓಡಿಹೋದ್ರು. ಹಾಡಹಗಲಲ್ಲೇ ಕಾಣಿಸ್ಕೊಳ್ತವೆ. ಕಿಟಕಿ ಹತ್ರ ಒಂದೊಂದೇ ನಿಂತಿರ್ತವೆ, ಅಲ್ಲಾಡಲ್ಲ. ಒಂದನ್ನೊಂದು ನೋಡೋದೂ ಇಲ್ಲ."

"ನೀವೇ... ಕಣ್ಣಾರೆ ನೋಡಿದೀರಾ?"

"ಈಗ ಹತ್ತು ನಿಮಿಷದ ಹಿಂದೆ, ನಮ್ಮ ತಾರಸಿ ಮೇಲಿಂದ! ಇವತ್ತಿಂದು ಹೊಸದು. ಇಷ್ಟು ದಿನ ಎರಡು ಕಾಲಲ್ಲಿ ನಿಲ್ತಿದ್ವು. ಇದು ನಾಲ್ಕು ಕಾಲಲ್ಲಿ ತೆವಳ್ತಿತ್ತು ಸಾರ್. ಬಾಯಿಂದ ಹಳದಿ ನಾಲಿಗೆ, ಮಾರುದ್ದ! ನೆಲ ನೆಕ್ಕೊಂಡು ಹೋಗ್ತಿತ್ತು."

ಮುದ್ರೆಯಪ್ಪನವರು ಲೋಟ ಮೇಜಿನ ಮೇಲಿಟ್ಟರು. "ಹತ್ತು ನಿಮಿಷದ ಹಿಂದೆ ನಾನೂ ಅಲ್ಲೇ ಇದ್ದೆನಲ್ರೀ! ನಂಗೆ ಕಾಣ್ಲೇ ಇಲ್ವಲ್ಲ!"

"ನಿಮ್ಮ ಬೆನ್ನ ಹಿಂದೇನೇ ಇತ್ತೇನೋ," ಎಂದು ಬೇಕರಿಯವನು ಮರುಕದಿಂದ ಒಂದು ಬನ್ನು ಪುಕ್ಕಟೆ ಕೊಟ್ಟ.

ಅವರಿಗೆ ಎರಡು ದಿನ ಜ್ವರ. ಮೂರನೆಯ ದಿನ ಕಚೇರಿಯಿಂದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಯಂತ್ರದ ದನಿ, "ನೀವು 'ದೆವ್ವ' ಎಂದಿರಿ. ಸರಿಯಿದ್ದರೆ ಒಂದನ್ನು ಒತ್ತಿ," ಎಂದಿತು. ಒತ್ತಿದರು. ಒಬ್ಬ ಹುಡುಗಿ ಮಾತಿಗೆ ಸಿಕ್ಕಳು.

"ಅವು ಬಾಡಿಗೆ ಕೊಡ್ತಿದಾವಾ ಸಾರ್?"

"ಯಾವು?"

"ದೆವ್ವಗಳು."

"ಇಲ್ಲಮ್ಮ."

"ಹಾಗಿದ್ರೆ ನಮ್ಮ ದಾಖಲೆ ಪ್ರಕಾರ ಮಹಡಿ ಖಾಲಿ ಇದೆ ಸಾರ್. ಬೇರೆ ಏನಾದ್ರೂ ಸಹಾಯ ಬೇಕಾ?"

"ನನ್ನ ದುಡ್ಡು ವಾಪಸ್ ಬೇಕು."

"ಐದು ವರ್ಷ ಆಗಲ್ಲ ಸಾರ್. ಷರತ್ತು ಹದಿನಾಲ್ಕು ನೋಡಿ."

ನೋಡಿದರು. ಬರಿಗಣ್ಣಿಗೆ ಅದು ಇರುವೆ ಸಾಲಿನಂತೆ ಕಾಣುತ್ತಿತ್ತು.

ಆ ಭಾನುವಾರ ಷಡ್ಡಕ ಸಂಸಾರ ಸಮೇತ ಬಂದಿಳಿದ. ಮೂರೂ ಸೈಟು ನೋಡಿಕೊಂಡೇ ಹೋಗುವುದೆಂದು ಬಿಸಿಲಿಗೆ ಟೋಪಿ ಕೂಡ ತಂದಿದ್ದ. "ನಡೀರಿ ಭಾವ, ತೋರ್ಸಿ. ದಿಣ್ಣೆ ಹತ್ತೋಕೆ ನಾನು ಗಟ್ಟಿಯಾಗೇ ಇದೀನಿ."

"ಇವತ್ತು ಬೇಡ," ಎಂದರು ಮುದ್ರೆಯಪ್ಪನವರು.

"ಯಾಕೆ? ತಕರಾರಿದೆಯಾ?"

"ಇದೆ."

"ಯಾರ್ದು?"

ಅಷ್ಟು ದಿನದಿಂದ ಒಳಗೆ ಕುದಿಯುತ್ತಿದ್ದುದು ಉಕ್ಕಿಯೇಬಿಟ್ಟಿತು. "ದೆವ್ವದ್ದು! ಹಳದಿ ನಾಲಿಗೆ! ಮಾರುದ್ದ! ನಾನು 'ನಾನು' ಅಂದ್ರೆ ಅದು 'ನಾನೂ' ಅಂತು!"

ನಾದಿನಿ ಮಗುವನ್ನು ಎತ್ತಿಕೊಂಡಳು. ಷಡ್ಡಕ ಟೋಪಿ ತೆಗೆದ. ಅವನ ಮುಖದಲ್ಲಿ ಸಂತಾಪ ಮತ್ತು ಸಂತೋಷ ಜಾಗಕ್ಕಾಗಿ ನೂಕಾಡುತ್ತಿದ್ದವು. "ಅಗ್ಗಕ್ಕೆ ಕೊಟ್ಟಾಗ್ಲೇ ಯೋಚ್ನೆ ಮಾಡ್ಬೇಕಿತ್ತು ಭಾವ," ಎಂದ. ಮುದ್ರೆಯಪ್ಪನವರ ಹೆಂಡತಿ ಬಂದವರಿಗೆ ಚಹಾ ಕೊಟ್ಟು ಕಳುಹಿಸಿ, ಬಾಗಿಲು ಹಾಕಿ ಬಂದರು.

"ಯಾವ ದುಡ್ಡು ರೀ?"

ಮುದ್ರೆಯಪ್ಪನವರು ಗೋಡೆ ನೋಡಿದರು.

"ಅಂಗಡಿದಾ?"

"ಹೂಂ."

ಆಕೆ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸಲು ಕುಳಿತರು. ಬಹಳ ಹೊತ್ತು ಮನೆಯಲ್ಲಿ ಕತ್ತರಿಯ ಸದ್ದೊಂದೇ ಕೇಳುತ್ತಿತ್ತು. ಕಚಕ್, ಕಚಕ್. ಆ ಹಜಾರದ ಮೌನವೇ ಇದಕ್ಕಿಂತ ವಾಸಿ ಎನಿಸಿತು ಅವರಿಗೆ.

"ಹನ್ನೊಂದು ವರ್ಷ," ಎಂದರು ಆಕೆ ಕೊನೆಗೆ, ತಲೆಯೆತ್ತದೆ. "ನಾಳೆ ರಜ ಹಾಕಿ. ನನ್ನ ದುಡ್ಡಲ್ಲಿ ಯಾವ ದೆವ್ವ ಸಂಸಾರ ಮಾಡ್ತಿದೆ ನೋಡಣ."

ಮರುದಿನ ಮಧ್ಯಾಹ್ನ ಕಾವಲಿನವನು ಪುಸ್ತಕ ನೂಕಿದಾಗ ಆಕೆ ಸಹಿ ಹಾಕುವ ಮೊದಲು ಅದನ್ನು ಓದಿದರು. ಬೆರಳಿಟ್ಟು ಎಣಿಸಿದರು.

"ಇವತ್ತು ಬೆಳಗಿಂದ ಮೂವತ್ತೊಂಬತ್ತು ಜನ ಒಳಗೆ ಹೋಗಿದಾರಲ್ಲಪ್ಪ!"

"ಹೂಂ ಅಮ್ಮ. ನಾಲ್ಕಕ್ಕೆ ಇಪ್ಪತ್ತಾರು, ಐದಕ್ಕೆ ಹದಿಮೂರು. ಎಲ್ಲಾ ಮಾಲೀಕರೇ," ಎಂದ ಅವನು. "ದಿನಾ ಬರ್ತಾರೆ. ಸಾಯಂಕಾಲ ಒಬ್ಬೊಬ್ಬರೇ ಹೋಗ್ತಾರೆ."

ಲಿಫ್ಟು ತಾನಾಗಿ ಬಂತು. ನಾಲ್ಕನೆಯ ಮಹಡಿಯಲ್ಲಿ ಇಬ್ಬರೂ ಬಾಗಿಲ ಬಳಿ ನಿಂತರು. ಹಜಾರ ಖಾಲಿ. ದೀಪ, ಕಂಬ, ತಡಿಕೆ. ಒಂದು ಪರದೆಯ ಅಂಚು ಗಾಳಿಯಿಲ್ಲದೆ ಅಲುಗಿತು. ಮುದ್ರೆಯಪ್ಪನವರು ಹೆಂಡತಿಯ ಸೆರಗು ಹಿಡಿದುಕೊಂಡರು.

"ನನ್ನ ಚೌಕ ನೂರ ಹದಿನೇಳು," ಎಂದರು ಆಕೆ ಜೋರಾಗಿ, ಗಿರಾಕಿಯನ್ನು ಕರೆಯುವ ಹಾಗೆ. "ಅದೆಲ್ಲಿ ಬರತ್ತೆ, ಯಾರಿಗಾದ್ರೂ ಗೊತ್ತಾ?"

ಗೊತ್ತಿದ್ದೂ ಹೇಳದೆ ಇರುವುದು ಮನುಷ್ಯಜಾತಿಗೆ ಕಷ್ಟ. ಪಕ್ಕದಲ್ಲೇ ಇದ್ದ ಕಿಟಕಿಯ ಪರದೆಯ ಹಿಂದಿನಿಂದ ಒಂದು ಮುದಿದನಿ ಬಂತು: "ನನ್ನ ಪಕ್ಕದ್ದು. ನಂದು ನೂರ ಹದಿನಾರು. ನಿಮ್ಮೆಜಮಾನ್ರು ಈಗ ನನ್ನ ಜಾಗದಲ್ಲಿ ಕಾಲಿಟ್ಟಿದಾರೆ, ಸ್ವಲ್ಪ ಸರಿಯೋಕೆ ಹೇಳಿ."

ಪರದೆ ಸರಿಯಿತು. ಮಡಿಸುವ ಕುರ್ಚಿಯ ಮೇಲೆ ಒಬ್ಬ ಅಜ್ಜಿ, ಮಡಿಲಲ್ಲಿ ಕಿತ್ತಳೆ ಸಿಪ್ಪೆ. ಆಮೇಲೆ ಕಂಬಗಳ ಹಿಂದಿನಿಂದ, ತಡಿಕೆಗಳ ಮರೆಯಿಂದ, ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಟೈ ಕಟ್ಟಿದವರೊಬ್ಬರು, ಬಸ್ಸಿನ ಸಮವಸ್ತ್ರದವರೊಬ್ಬರು, ಊಟದ ಡಬ್ಬಿ ಹಿಡಿದವರು. ಪ್ರತಿಯೊಬ್ಬರೂ ತಮ್ಮ ತಮ್ಮ ಚೌಕದಲ್ಲಿ, ಕಾಲು ಜೋಡಿಸಿ, ಕಾಣದ ಗೆರೆ ದಾಟದೆ, ತಲೆ ತಗ್ಗಿಸಿ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತೆಳ್ಳಗಿನ ಒಬ್ಬಾತ ತನ್ನ ಬೂಟು ನೋಡುತ್ತ, "ಅವತ್ತು 'ನಾನೂ' ಅಂದಿದ್ದು ನಾನೇ ಸಾರ್," ಎಂದು ಪಿಸುಗುಟ್ಟಿದ.

ಹೆಂಡತಿ ಹಜಾರದ ಉದ್ದಕ್ಕೂ ಕಣ್ಣಾಡಿಸಿದರು.

"ಇವರು ದೆವ್ವಗಳಲ್ಲ ರೀ," ಎಂದರು. "ಮನೇಲಿ ಹೇಳ್ದೆ ಬಂದೋರು."

ಇಪ್ಪತ್ತಾರು ತಲೆಗಳು ಇನ್ನೂ ಒಂದಿಷ್ಟು ತಗ್ಗಿದವು.

"ನಮ್ಮನೆಯವರು ದಿನಾ ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗ್ತಾರಮ್ಮ," ಎಂದರು ಅಜ್ಜಿ. "ಅವರು ಆ ಕಡೆ ಹೋದ್ಮೇಲೆ ನಾನು ಈ ಕಡೆ ಬರ್ತೀನಿ. ಬಾಡಿಗೆ ಬಂದ ದಿನ ಹೇಳೋಣ ಅಂತ. ಬರ್ಲೇ ಇಲ್ಲ. ದುಡ್ಡು ಹೋಯ್ತೋ ಇದ್ಯೋ ಅಂತ ನೋಡ್ಕೊಂಡ್ ಕೂತ್ರೆ ಒಂಥರಾ ಸಮಾಧಾನ."

"ನೀವು ಹೀಗೆ ಮರೇಲಿ ನಿಂತ್ರೆ ಬಾಡಿಗೆಗೆ ಬರೋರು ಹೆದರ್ಕೊಳ್ದೆ ಇರ್ತಾರಾ?"

ಯಾರೂ ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಬಾಡಿಗೆ ಬರಲಿಲ್ಲವೆಂದು ಅವರು ಬಂದು ನಿಂತಿದ್ದರು. ಅವರು ಬಂದು ನಿಂತಿದ್ದರಿಂದ ಬಾಡಿಗೆ ಬಂದಿರಲಿಲ್ಲ. ಟೈ ಕಟ್ಟಿದವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ತಕ್ಷಣ ಎಲ್ಲರೂ ಅಭ್ಯಾಸಬಲದಿಂದ ಕಂಬದಂತೆ ನಿಶ್ಚಲರಾದರು.

ಬಂದವನು ಕಂಪನಿಯ ಅಧಿಕಾರಿ. ಜೊತೆಗೆ ಒಬ್ಬ ದಪ್ಪ ಕನ್ನಡಕದ ಹೆಂಗಸು; ನರ್ಸುಗಳನ್ನು ತಯಾರು ಮಾಡುವ ಶಾಲೆಯ ಮುಖ್ಯಸ್ಥೆ, ಶಾಲೆಗೆ ಜಾಗ ಹುಡುಕುತ್ತಿದ್ದವರು. ಅಧಿಕಾರಿಯ ಕಣ್ಣು ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಮೇಲೆಯೇ ಇತ್ತು. ಅದರಲ್ಲಿ ಮಹಡಿ ಖಾಲಿ ಇತ್ತು.

"ಪೂರ್ತಿ ಖಾಲಿ ಮೇಡಂ. ಇವತ್ತೇ ಬರಬಹುದು," ಎನ್ನುತ್ತ ಅವನು ನಡೆದ. ಬಸ್ಸಿನ ಸಮವಸ್ತ್ರದವರಿಗೆ ಡಿಕ್ಕಿ ಹೊಡೆದು, ಅವರನ್ನು ಬಳಸಿಕೊಂಡು, "ಗಾಳಿ ಬೆಳಕು ಯಥೇಚ್ಛ," ಎಂದ.

ಮುಖ್ಯಸ್ಥೆ ಹಿಂಬಾಲಿಸಲಿಲ್ಲ. ಮೂವತ್ತು ವರ್ಷ ವಾರ್ಡುಗಳಲ್ಲಿ ಓಡಾಡಿದವರು. ಅಲುಗಾಡದ ಮನುಷ್ಯರನ್ನು ಬೇಕಾದಷ್ಟು ನೋಡಿದ್ದರು. ಎಲ್ಲರಿಗಿಂತ ಹತ್ತಿರ ಇದ್ದ ಮುದ್ರೆಯಪ್ಪನವರ ಮಣಿಕಟ್ಟು ಹಿಡಿದು, ತಮ್ಮ ಗಡಿಯಾರ ನೋಡುತ್ತ ನಿಂತರು. ಹಜಾರವೆಲ್ಲ ಉಸಿರು ಹಿಡಿದು ಕಾಯಿತು. ಮುದ್ರೆಯಪ್ಪನವರೂ ಕಾದರು, ಅವರಿಗೂ ಆ ಕ್ಷಣ ಖಾತ್ರಿಯಿರಲಿಲ್ಲ.

"ನಾಡಿ ಇದೆ," ಎಂದರು ಮುಖ್ಯಸ್ಥೆ. "ನೂರ ಎರಡು. ಸ್ವಲ್ಪ ಜಾಸ್ತಿ."

ಅಧಿಕಾರಿ ಆಗ ತಲೆಯೆತ್ತಿದ. ಸುತ್ತಲೂ ನೋಡಿದ. ಟ್ಯಾಬ್ಲೆಟ್ಟನ್ನು ಎದೆಗೆ ಅವುಚಿಕೊಂಡು ನಿಂತಲ್ಲೇ ಕುಳಿತುಬಿಟ್ಟ. ಅವನನ್ನು ಗೋಡೆಗೆ ಒರಗಿಸಿ ಗಾಳಿ ಹಾಕುವಾಗ ಮುಖ್ಯಸ್ಥೆ ಮುದ್ರೆಯಪ್ಪನವರ ಹೆಂಡತಿಯನ್ನು ಕೇಳಿದರು: "ನೀವೆಲ್ಲ ಇಲ್ಲೇ ಇರೋರಾ? ಹಾಗಿದ್ರೆ ನಿಜ ಹೇಳಿ. ನೀರು ಬರತ್ತಾ?"

"ಬರತ್ತೆ," ಎಂದರು ಇಪ್ಪತ್ತಾರು ಜನ ಒಟ್ಟಿಗೆ.

"ಲಿಫ್ಟು?"

"ಮೂರನೇ ಮಹಡೀಲಿ ಒಂದ್ಸಲ ಜಗ್ಗತ್ತೆ. ಅಷ್ಟೆ."

"ಮಧ್ಯಾಹ್ನ ಸೆಕೆ?"

"ಆ ಕಡೆ ಜಾಸ್ತಿ," ಎಂದರು ಟೈ ಕಟ್ಟಿದವರು. "ನಂದು ಆ ಕಡೇನೇ."

ಮುಖ್ಯಸ್ಥೆಗೆ ಬಹುಶಃ ಇಷ್ಟು ಪ್ರಾಮಾಣಿಕವಾದ ಜಾಹೀರಾತು ಬೇರೆಲ್ಲೂ ಸಿಕ್ಕಿರಲಿಲ್ಲ. "ತಗೋತೀನಿ," ಎಂದರು. "ಆದ್ರೆ ಒಂದು ಷರತ್ತು. ನಾಳೆಯಿಂದ ಇಲ್ಲಿ ಯಾರೂ ನಿಲ್ಲಬಾರದು."

ಮುದ್ರೆಯಪ್ಪನವರ ಹೆಂಡತಿ ಗಂಡನ ಜೇಬಿನಿಂದ ಅಳತೆ ಪಟ್ಟಿ ಎಳೆದುಕೊಂಡರು. "ಮಕ್ಕಳಿಗೆ ಸಮವಸ್ತ್ರ ಬೇಕಾಗತ್ತಲ್ವಾ ಮೇಡಂ? ನಾನು ಹೊಲೀತೀನಿ. ಹೊಲಿಗೆ ನೋಡಿ ಆಮೇಲೆ ಮಾತಾಡಿ," ಎಂದು ತಮ್ಮ ರವಿಕೆಯ ತೋಳನ್ನು ಮಡಿಸಿ ಒಳಮೈ ತೋರಿಸಿದರು. ಮುಖ್ಯಸ್ಥೆ ಕನ್ನಡಕ ಮೇಲೆತ್ತಿ ಗಾಯದ ಹೊಲಿಗೆ ನೋಡುವವರಂತೆ ನೋಡಿ, ಅರುವತ್ತು ಜೊತೆಗೆ ಒಪ್ಪಿದರು. ಅಂಗಡಿ ಹಿಡಿಯಲು ಅದು ಸಾಲದು. ಆದರೆ ಹೆಂಡತಿ ಗಂಡನ ಕಡೆ ತಿರುಗಿ, ನಿನ್ನೆಯಿಂದ ಮೊದಲ ಸಲ ಗದರಿಸಿ, "ಆ ಕಡೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ ಬರಬೇಡಿ," ಎಂದರು. ಬೈದರಲ್ಲ ಎಂದು ಮುದ್ರೆಯಪ್ಪನವರ ಕಣ್ಣು ತೇವವಾಯಿತು.

ಅಧಿಕಾರಿ ಮತ್ತು ಮುಖ್ಯಸ್ಥೆ ಕಾಗದಪತ್ರಕ್ಕೆ ಕೆಳಗೆ ಹೋದರು. ಮಾಲೀಕರು ಮಾತ್ರ ಕದಲಲಿಲ್ಲ.

"ಬಾಡಿಗೆ ಬರತ್ತೆ ಇನ್ನು. ಮನೆಗೆ ಹೋಗಿ," ಎಂದರು ಹೆಂಡತಿ.

"ಹೋಗಿ ಏನಂತ ಹೇಳೋದಮ್ಮ?" ಎಂದ ಬೂಟಿನವನು. "ಮುಖ ನೋಡ್ಕೊಂಡು ಹೇಗೆ ಹೇಳೋದು?"

"ಮುಖ ನೋಡ್ಬೇಡಿ. ಇಲ್ಲಿಂದ್ಲೇ ಫೋನ್ ಮಾಡಿ. ಮೆಟ್ಟಿಲಿಳಿಯೋ ಮುಂಚೆ ಹೇಳಿಬಿಡಿ."

ಮೊದಲು ಟೈ ಕಟ್ಟಿದವರು ಫೋನ್ ತೆಗೆದರು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು. ಸ್ವಲ್ಪ ಹೊತ್ತಿಗೆ ಇಡೀ ಹಜಾರದಲ್ಲಿ, ತಮ್ಮ ತಮ್ಮ ಚೌಕದಲ್ಲಿ ನಿಂತು, ಗೋಡೆಗೋ ಗಾಜಿಗೋ ಮುಖ ಮಾಡಿ ಎಲ್ಲರೂ ಪಿಸುಗುಟ್ಟುತ್ತಿದ್ದರು. "ಒಂದು ವಿಷಯ ಹೇಳ್ಬೇಕಿತ್ತು..." "ಕೋಪ ಮಾಡ್ಕೋಬೇಡ..." "ಇಲ್ಲ, ಅಪಘಾತ ಅಲ್ಲ..." ಮಾತುಗಳು ಒಂದರೊಳಗೊಂದು ಸೇರಿ, ಜೇನುಗೂಡಿನ ಮೊರೆತದ ಹಾಗೆ ಕಂಬಗಳ ನಡುವೆ ತಿರುಗಿದವು. ಮುದ್ರೆಯಪ್ಪನವರಿಗೆ ಫೋನ್ ಮಾಡಲು ಯಾರೂ ಇರಲಿಲ್ಲ; ಹೇಳಬೇಕಾದವರು ಪಕ್ಕದಲ್ಲೇ ನಿಂತು ಗೋಡೆಯ ಅಳತೆ ತೆಗೆಯುತ್ತಿದ್ದರು.

ಕೊನೆಗೆ ಫೋನ್ ಮಾಡದೆ ಅಜ್ಜಿಯೊಬ್ಬರೇ ಉಳಿದರು. ಕಿತ್ತಳೆ ಸಿಪ್ಪೆಯನ್ನು ಕರವಸ್ತ್ರದಲ್ಲಿ ಕಟ್ಟಿ, ಕುರ್ಚಿ ಮಡಿಸಿ, ಎರಡು ಸಲ ಕೆಮ್ಮಿ, ಅಂಕಿಗಳನ್ನು ಒಂದೊಂದಾಗಿ ಒತ್ತಿದರು. ಫೋನನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು.

ಮೇಲಿನ ಮಹಡಿಯಲ್ಲಿ ಒಂದು ಫೋನು ರಿಂಗಾಯಿತು.

ಅಜ್ಜಿ ಕಣ್ಣು ತೆರೆದರು. ಹಜಾರದ ಪಿಸುಮಾತೆಲ್ಲ ನಿಂತಿತು. ಮೇಲೆ ಕುರ್ಚಿ ಎಳೆದ ಸದ್ದು, ನಾಲ್ಕು ಹೆಜ್ಜೆ, ರಿಂಗು ನಿಂತಿತು. ಆಮೇಲೆ ಒಂದು ಗಂಡು ದನಿ, ಫೋನಿನೊಳಗಿಂದಲೂ ಮೆಟ್ಟಿಲ ಕಡೆಯಿಂದಲೂ ಒಟ್ಟೊಟ್ಟಿಗೆ, ತಗ್ಗಿ ಕೇಳಿಸಿತು:

"ಹಲೋ? ನಾನು ಗ್ರಂಥಾಲಯದಲ್ಲಿದೀನಿ ಕಣೇ. ಇಲ್ಲಿ ಜೋರಾಗಿ ಮಾತಾಡೋ ಹಾಗಿಲ್ಲ."

ಅಜ್ಜಿ ಮೇಲಿನ ಛಾವಣಿಯನ್ನೇ ದಿಟ್ಟಿಸಿದರು.

"ಗೊತ್ತು," ಎಂದರು. "ಒಂದು ಮಹಡಿ ಇಳಿದು ಬನ್ನಿ. ಇಲ್ಲಿ ಮಾತಾಡಬಹುದು."